ನಮ್ಮ ಅನುಭವದಿಂದ ಶಿಕ್ಷಕರ ಮೌಲ್ಯ, ಗುರಿ ಮೂಡುವುದು ಹೇಗೆ? ಬಿ.ಇಡಿ ಫೈಲ್‌ಗೆ ಬರೆಯಬೇಕಿದೆ

ಹೊಸಟೀಚರ್_ಕೊಡಗು

ಎಲ್ಲರಿಗೂ ನಮಸ್ಕಾರ. ಬಿ.ಇಡಿ ಎರಡನೇ ವರ್ಷದಲ್ಲಿದ್ದೇನೆ. ಇಪಿಸಿ-4, ಅಂದರೆ ‘ಅಂಡರ್‌ಸ್ಟ್ಯಾಂಡಿಂಗ್ ದ ಸೆಲ್ಫ್’ ಫೈಲ್‌ಗೆ ‘ನನ್ನ ಅನುಭವಗಳು ಶಿಕ್ಷಕಿಯಾಗಿ ನನ್ನ ಮೌಲ್ಯ, ಗುರಿಗಳನ್ನು ರೂಪಿಸಿದ ಬಗೆ’ ಅಂತ ನಾಲ್ಕು ಪುಟ ಬರೆದುಕೊಡಬೇಕು. ಅದರ ಬೆನ್ನಿಗೇ 16 ವಾರದ ಇಂಟರ್ನ್‌ಶಿಪ್. ಶಾಲೆ ಕೊಡಗಿನ ಸಿದ್ದಾಪುರ ಕಡೆ, 6ರಿಂದ 8ನೇ ತರಗತಿ, ಸಮಾಜ ಮತ್ತು ಕನ್ನಡ. ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನ್‌ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವವರಂತೆ.

ಹಳೆಯ ಫೈಲ್‌ಗಳನ್ನು ತಿರುವಿ ಹಾಕಿದೆ. ಎಲ್ಲದರಲ್ಲೂ ‘ನನ್ನ ನೆಚ್ಚಿನ ಗುರುಗಳಿಂದ ಪ್ರೇರಣೆ ಪಡೆದು ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಶ್ರಮಿಸುತ್ತೇನೆ’ ಅನ್ನುವ ಅದೇ ವಾಕ್ಯ. ಮೇಲಿನ ಹೆಸರು ಬದಲಾಯಿಸಿದರೆ ಯಾರ ಫೈಲ್ ಬೇಕಾದರೂ ಆದೀತು. ನನಗೆ ಅಂಕಕ್ಕಷ್ಟೇ ಬೇಡ, ಇಂಟರ್ನ್‌ಶಿಪ್‌ನಲ್ಲಿ ಕೈಹಿಡಿಯುವಂಥದ್ದು ಬೇಕು.

ಬರೆಯಲು ಇರುವ ಸಾಮಗ್ರಿ ಇಷ್ಟು: ಮನೆಯಲ್ಲಿ ಅರೆಭಾಷೆ (ನಮ್ಮ ಕಡೆಯ ಕನ್ನಡದ ಒಂದು ರೂಪ), ಶಾಲೆಯಲ್ಲಿ ಪುಸ್ತಕದ ಕನ್ನಡ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಶಿಸ್ತಿನ ಶಾಲೆ. ಆಗಾಗ ಬೆತ್ತ. ಮತ್ತೆ ಗುಡ್ಡ ಕುಸಿದ 2018ರ ಮಳೆಗಾಲ. ಇವುಗಳಿಂದ ಮೌಲ್ಯ ಅಂತ ಹೇಳಬಹುದಾದ್ದನ್ನು ಬೇರ್ಪಡಿಸುವುದು ಹೇಗೆ? ಮೌಲ್ಯವನ್ನು ಗುರಿಯಾಗಿ ಇಳಿಸುವುದು ಹೇಗೆ? ನೋವಿನ ಅನುಭವಗಳನ್ನು ಎಷ್ಟರ ಮಟ್ಟಿಗೆ ಬರೆಯಬಹುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಲಿಕಾ_ಏಣಿ

ಒಳ್ಳೆಯ ಪ್ರಶ್ನೆ ಮೇಡಂ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅನುಭವ ತಾನಾಗಿ ಮೌಲ್ಯ ಆಗುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ತಿಂದ ಇಬ್ಬರಲ್ಲಿ ಒಬ್ಬರು ‘ಏಟು ಬಿದ್ದದ್ದಕ್ಕೇ ದಾರಿಗೆ ಬಂದೆ’ ಅನ್ನುತ್ತಾರೆ, ಇನ್ನೊಬ್ಬರು ‘ಮಕ್ಕಳ ಮೇಲೆ ಕೈ ಎತ್ತಲೇಬಾರದು’ ಅನ್ನುತ್ತಾರೆ. ಏಟು ಒಂದೇ, ಅದಕ್ಕೆ ಕೊಟ್ಟುಕೊಂಡ ಅರ್ಥ ಬೇರೆ. ಫೈಲ್‌ನಲ್ಲಿ ಬರೆಯಬೇಕಾದ್ದು ಆ ಅರ್ಥಕ್ಕೆ ನೀವು ಹೇಗೆ ಬಂದಿರಿ, ಅದು ನಿಮ್ಮ ಮುಂದೆ ಕೂರುವ ಮಕ್ಕಳಿಗೂ ಹೊಂದುತ್ತದೆಯೇ ಅನ್ನುವುದನ್ನು. ಹಳೆಯ ಫೈಲ್‌ಗಳಲ್ಲಿ ಈ ನಡುವಿನ ಹೆಜ್ಜೆಯೇ ಇರುವುದಿಲ್ಲ.

ಹೀಗೆ ಮಾಡಿ. ಉದ್ದ ನೋಟ್‌ಬುಕ್‌ನ ಎದುರುಬದುರು ಎರಡು ಪುಟಕ್ಕೆ ಸೇರಿಸಿ ಐದು ಕಾಲಂ ಎಳೆಯಿರಿ. ಒಂದನೆಯದು ನಡೆದದ್ದು. ಎರಡನೆಯದು ಆಗ ನಾನು ಅಂದುಕೊಂಡದ್ದು. ಮೂರನೆಯದು ಅದೇ ಕೋಣೆಯಲ್ಲಿ ಬೇರೆ ಮಕ್ಕಳಿಗೆ ಏನಾಗಿರಬಹುದು. ನಾಲ್ಕನೆಯದು ಇದರಿಂದ ನಾನು ಹಿಡಿದುಕೊಂಡ ಮೌಲ್ಯ. ಐದನೆಯದು ಸೋಮವಾರ ಮೊದಲ ಪೀರಿಯಡ್‌ನಲ್ಲಿ ಅದು ಹೇಗೆ ಕಾಣುತ್ತದೆ. ಎಂಟು ಹತ್ತು ಅನುಭವ ಬರೆಯಿರಿ, ಒಂದೊಂದಕ್ಕೆ ಮೂರು ಸಾಲು ಮೀರಬೇಡಿ. ಮೊದಲ ಕಾಲಂನಲ್ಲಿ ‘ಕ್ರೂರ’, ‘ಅದ್ಭುತ’, ‘ಸ್ಫೂರ್ತಿದಾಯಕ’ ಇತ್ಯಾದಿ ಬೇಡ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಅಷ್ಟೇ. ಬರೆದು ಎರಡು ದಿನ ಬಿಟ್ಟು ಮತ್ತೆ ಓದಿ. ಐದೂ ಕಾಲಂ ತುಂಬಿರುವ ಮೂರು ಅನುಭವ ಆರಿಸಿಕೊಳ್ಳಿ. ನಾಲ್ಕು ಪುಟಕ್ಕೆ ಮೂರು ಧಾರಾಳ ಸಾಕು.

ಸಾಮಾನ್ಯವಾಗಿ ಮೂರನೆಯ ಮತ್ತು ಐದನೆಯ ಕಾಲಂ ಖಾಲಿ ಉಳಿಯುತ್ತವೆ. ಮೂರನೆಯದು ಯಾಕೆ ಬೇಕು ಅಂದರೆ, ಶಿಕ್ಷಕರಾಗಲು ಹೊರಟವರಲ್ಲಿ ಬಹಳಷ್ಟು ಮಂದಿ ಶಾಲೆಯಲ್ಲಿ ಚೆನ್ನಾಗಿ ಓದಿದವರು. ಅವರ ನೆಚ್ಚಿನ ಮೇಷ್ಟ್ರು ಹಿಂದಿನ ಬೆಂಚಿನವರಿಗೂ ನೆಚ್ಚಿನವರೇ ಆಗಿದ್ದರೇ? ಬರೀ ಮುಂದಿನ ಸಾಲಿನವರಿಗೆ ಪ್ರಶ್ನೆ ಕೇಳಿ ಪಾಠ ಓಡಿಸುವವರೂ ಮುಂದಿನ ಸಾಲಿಗೆ ಒಳ್ಳೆಯ ಮೇಷ್ಟ್ರೇ. ಐದನೆಯ ಕಾಲಂಗೆ ಒಂದು ಪರೀಕ್ಷೆ ಇದೆ: ತರಗತಿಯ ಹಿಂದೆ ನೋಟ್‌ಬುಕ್ ಹಿಡಿದು ಕೂತವರಿಗೆ ಅದು ಕಾಣುತ್ತದೆಯೇ? ‘ಪ್ರೋತ್ಸಾಹಿಸುತ್ತೇನೆ’ ಕಾಣುವುದಿಲ್ಲ. ‘ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ, ಆಮೇಲೆ ಹೆಸರು ಕರೆಯುತ್ತೇನೆ’ ಕಾಣುತ್ತದೆ. ಆ ಮೂರು ಸೆಕೆಂಡ್ ಹೊಸದೇನಲ್ಲ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಆಸುಪಾಸು ಮಾತ್ರ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ತೋರಿಸಿದ್ದಾರೆ.

ಬೆತ್ತದ ವಿಚಾರ. ‘ನಾನು ಹೊಡೆಯುವುದಿಲ್ಲ’ ಅನ್ನುವುದನ್ನು ಮೌಲ್ಯ ಅಂತ ಬರೆಯಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಪಾಲಿಸುವುದು ಕನಿಷ್ಠ ಕರ್ತವ್ಯ. ಮೌಲ್ಯ ಶುರುವಾಗುವುದು ‘ಹೊಡೆಯದೆ ಏನು ಮಾಡುತ್ತೇನೆ’ ಅನ್ನುವಲ್ಲಿ. ಕೊನೆಯ ಪೀರಿಯಡ್, ಹೊರಗೆ ಜಡಿಮಳೆ, ಶೀಟಿನ ಸದ್ದಿಗೆ ನಿಮ್ಮ ದನಿ ಮೂರನೇ ಸಾಲಿಗೂ ಮುಟ್ಟುತ್ತಿಲ್ಲ, ಹಿಂದೆ ಇಬ್ಬರು ಎಳೆದಾಡುತ್ತಿದ್ದಾರೆ. ಆಗ ಏನು? ಪಾಠ ನಿಲ್ಲಿಸದೆ ಅವರ ಪಕ್ಕಕ್ಕೆ ಹೋಗಿ ನಿಲ್ಲುವುದು. ಹೆಸರು ಹಿಡಿದು ತಗ್ಗಿದ ದನಿಯಲ್ಲಿ ಮಾಡಬೇಕಾದ ಕೆಲಸ ಹೇಳುವುದು (‘ಸುಮ್ಮನಿರು’ ಅನ್ನುವುದಕ್ಕಿಂತ ‘12ನೇ ಪುಟದ ನಕ್ಷೆ ತೆಗೆ’ ಅನ್ನುವುದು). ಆಗಲಿಲ್ಲವೆಂದರೆ ಜಾಗ ಬದಲಿಸಿ, ಉಳಿದ ಮಾತನ್ನು ಗಂಟೆ ಹೊಡೆದ ಮೇಲೆ, ಬೇರೆ ಮಕ್ಕಳ ಕಿವಿಗೆ ಬೀಳದಂತೆ ಆಡುವುದು. ಈ ಕ್ರಮವನ್ನು ಮೊದಲೇ ಬರೆದು, ಸಹಪಾಠಿಗಳ ಎದುರು ಆಡಿ ನೋಡಿರಬೇಕು. ಇಲ್ಲದಿದ್ದರೆ ದಣಿದ ಹೊತ್ತಿನಲ್ಲಿ ಕೈ ತಾನಾಗಿ ಹಳೆಯದಕ್ಕೇ ಹೋಗುತ್ತದೆ.

ಯಾಕೆ ಹೋಗುತ್ತದೆ? ಕಾಯ್ದೆಯ ಲೆಕ್ಕದಲ್ಲಿ 1ರಿಂದ 5ನೇ ತರಗತಿಗೆ ವರ್ಷಕ್ಕೆ 800 ಬೋಧನಾ ಗಂಟೆ, 6ರಿಂದ 8ಕ್ಕೆ 1000 ಗಂಟೆ. ಎಂಟನೇ ತರಗತಿ ಮುಗಿಯುವಾಗ 7000 ಗಂಟೆ ಶಿಕ್ಷಕರನ್ನು ನೋಡಿಯಾಗಿರುತ್ತದೆ. ಬಿ.ಇಡಿಯ ಎರಡೂ ವರ್ಷದ ಇಂಟರ್ನ್‌ಶಿಪ್ ಸೇರಿ 20 ವಾರ, ಎಲ್ಲ ಹಿಡಿದರೂ ಸುಮಾರು 700 ಗಂಟೆ. ಆ 7000 ಗಂಟೆಯೂ ಬೆಂಚಿನ ಕಡೆಯಿಂದ ನೋಡಿದ್ದು. ಶಿಕ್ಷಕರು ಹೊಡೆದದ್ದು, ನಕ್ಕದ್ದು ಕಂಡಿತು. ಹಿಂದಿನ ರಾತ್ರಿಯ ತಯಾರಿ, ಒಂದು ಪ್ರಶ್ನೆಯನ್ನು ಬೇಕೆಂದೇ ಬಿಟ್ಟದ್ದು, ಯಾವ ಮಗುವನ್ನು ಇವತ್ತು ಕೆದಕಬಾರದು ಅಂತ ತೀರ್ಮಾನಿಸಿದ್ದು ಕಾಣಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಗುರುತಿಸಿದ್ದರು: ಹೊಸ ಶಿಕ್ಷಕರು ತಮಗೆ ಕಲಿಸಿದ ಹಾಗೆಯೇ ಕಲಿಸಲು ಇದು ಮುಖ್ಯ ಕಾರಣ. ಹಾಗಾಗಿ ನೆಚ್ಚಿನ ಶಿಕ್ಷಕರ ಬಗ್ಗೆ ಬರೆಯುವುದಾದರೆ, ಅವರು ಈಗಲೂ ಸಿಗುವಂತಿದ್ದರೆ, ಹೋಗಿ ‘ಆ ಪಾಠಕ್ಕೆ ಹೇಗೆ ತಯಾರಾಗುತ್ತಿದ್ದಿರಿ’ ಅಂತ ಕೇಳಿ. ನಾಲ್ಕು ಪುಟದಲ್ಲಿ ಅತಿ ಬೆಲೆಬಾಳುವ ಪ್ಯಾರಾ ಅದಾಗುತ್ತದೆ.

ಗುರಿಯ ವಿಚಾರ ಚುಟುಕಾಗಿ ಹೇಳಿಬಿಡುತ್ತೇನೆ. ಯಾವ ಮಕ್ಕಳು, ಏನು, ಯಾವಾಗಿನೊಳಗೆ, ಆಯಿತೆಂದು ತಿಳಿಯುವುದು ಹೇಗೆ. ಈ ನಾಲ್ಕೂ ಇರಲಿ. ‘ಓದುವ ಹವ್ಯಾಸ ಬೆಳೆಸುತ್ತೇನೆ’ ಬೇಡ. ‘6ನೇ ತರಗತಿಯಲ್ಲಿ ಒಂದು ಪ್ಯಾರಾ ತಡವರಿಸದೆ ಓದಲಾಗದವರನ್ನು ಮೊದಲ ವಾರವೇ ಒಬ್ಬೊಬ್ಬರಾಗಿ ಓದಿಸಿ ಗುರುತಿಸುತ್ತೇನೆ, ದಿನಕ್ಕೆ 15 ನಿಮಿಷ ಅವರ ಜೊತೆ ಕೂರುತ್ತೇನೆ, 4, 8, 12ನೇ ವಾರ ಅದೇ ಮಟ್ಟದ ಹೊಸ ಪ್ಯಾರಾ ಓದಿಸಿ ಬರೆದಿಡುತ್ತೇನೆ’. ಇಂಥ ಎರಡು ಗುರಿ ಸಾಕು. ಐದು ಇಟ್ಟುಕೊಂಡವರು ಮೂರನೇ ವಾರಕ್ಕೇ ಐದನ್ನೂ ಕೈಬಿಡುತ್ತಾರೆ, ಏಕೆಂದರೆ ಇಂಟರ್ನ್‌ಗಳಿಗೆ ಖಾಲಿ ಪೀರಿಯಡ್ ತುಂಬಿಸುವ ಕೆಲಸವೂ ಬೀಳುತ್ತದೆ.

ಸಿದ್ದಾಪುರ_ರಸ್ತೆ

ಕಲಿಕಾ_ಏಣಿ ಸರ್ ಹೇಳಿದ ಮೂರನೇ ಕಾಲಂ ಹಿಡಿದು ಸ್ಥಳೀಯ ವಿಷಯ ಸೇರಿಸುತ್ತೇನೆ. ಮೇಡಂ, ನಿಮ್ಮ ಕೆಲವು ಅನುಭವಗಳು ಈ ಶಾಲೆಯಲ್ಲಿ ಸ್ವಲ್ಪ ಸ್ವಲ್ಪ ದಾರಿ ತಪ್ಪಿಸಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಭಾಷೆಯಿಂದ ಶುರು ಮಾಡೋಣ. ಅರೆಭಾಷೆಯ ಮನೆಯಿಂದ ಬಂದವರಿಗೆ ಪುಸ್ತಕದ ಕನ್ನಡ ಬಿಗಿ ಅನಿಸುತ್ತದೆ, ಆದರೆ ಅರ್ಥ ಆಗುತ್ತದೆ. ಸಿದ್ದಾಪುರ ಸುತ್ತಿನ ಲೈನ್‌ಮನೆಗಳಲ್ಲಿ ಎರವ ಭಾಷೆ, ಮಲಯಾಳಂ, ತಮಿಳು ಎಲ್ಲ ಇವೆ. ಇತ್ತೀಚೆಗೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅಸ್ಸಾಂನಿಂದ ಬಂದ ಮಗುವಿಗೆ ಕನ್ನಡ ಬಿಗಿಯಾದ ಭಾಷೆಯಲ್ಲ, ಗೊತ್ತೇ ಇಲ್ಲದ ಭಾಷೆ. ‘ನನಗೂ ಹೀಗೇ ಆಗಿತ್ತು, ಆರು ತಿಂಗಳಲ್ಲಿ ಸರಿಹೋಗುತ್ತದೆ’ ಅಂತ ಕಾದರೆ ಆ ಮಗು ವರ್ಷವಿಡೀ ಮೌನವಾಗಿ ಕೂತಿರುತ್ತದೆ. ನಿಮ್ಮ ಅನುಭವ ಆ ಮಗುವನ್ನು ಗಮನಿಸಲು ಕಲಿಸಿದೆ, ಅಷ್ಟು ನಿಜ. ಎಷ್ಟು ಕಾಲ, ಎಂಥ ನೆರವು ಬೇಕು ಅನ್ನುವುದನ್ನು ಮಗುವನ್ನೇ ನೋಡಿ ಅಳೆಯಬೇಕು.

ಮಾಡಬಹುದಾದ್ದು: ಮೊದಲ ವಾರ ಹಾಜರಿ ಪುಸ್ತಕದ ಪಕ್ಕದಲ್ಲಿ ನಿಮ್ಮದೇ ಒಂದು ಹಾಳೆಯಲ್ಲಿ ಪ್ರತಿ ಮಗುವಿನ ಮನೆಮಾತು, ಮನೆಯಲ್ಲಿ ಓದುಬರಹ ಬಲ್ಲವರು ಇದ್ದಾರೆಯೇ, ಈ ಶಾಲೆಗೆ ಬಂದು ಎಷ್ಟು ಕಾಲವಾಯಿತು ಅಂತ ಬರೆದುಕೊಳ್ಳಿ. ಕನ್ನಡ ಪೀರಿಯಡ್‌ನಲ್ಲಿ ಹತ್ತು ನಿಮಿಷದ ಒಂದು ಚಟುವಟಿಕೆ ಚೆನ್ನಾಗಿ ನಡೆಯುತ್ತದೆ. ಬೋರ್ಡಿನ ಮೇಲೆ ಹಾಲು, ಹೂವು, ಹಲ್ಲು, ಹುಲಿ ಅಂತ ಬರೆದು, ಮನೆಯಲ್ಲಿ ಏನನ್ನುತ್ತೀರಿ ಅಂತ ಕೇಳಿ. ಮಲಯಾಳಂ, ತಮಿಳು ಮಕ್ಕಳಿಂದ ಪಾಲ್, ಪೂ, ಪಲ್, ಪುಲಿ ಅಂತ ಬರುತ್ತದೆ. ಮನೆಯ ‘ಪ’ ಪುಸ್ತಕದಲ್ಲಿ ‘ಹ’ ಆಗುತ್ತದೆ ಅನ್ನುವ ನಿಯಮವನ್ನು ಮಕ್ಕಳೇ ಹೇಳುತ್ತಾರೆ. ಆಮೇಲೆ ‘ಪಾಲು’ ಅಂತ ಬರೆದ ಮಗುವಿನ ಮೇಲೆ ಕೆಂಪು ಗೆರೆ ಎಳೆಯುವ ಮುಂಚೆ ನೀವೇ ಒಂದು ಕ್ಷಣ ತಡೆಯುತ್ತೀರಿ. ಕೊಡವ ತಕ್ಕ್ (ಕೊಡವ ಭಾಷೆ) ಮಾತಾಡುವ ಮಕ್ಕಳಿದ್ದರೆ ಇನ್ನೊಂದು ಎಚ್ಚರ: ಅವರಿಗೆ ‘ನರಿ’ ಅಂದರೆ ಹುಲಿ. ನರಿಯ ಕತೆ ಹೇಳುವ ಮುಂಚೆ ಚಿತ್ರ ತೋರಿಸಿಬಿಡಿ.

ಎರಡನೆಯದು ಸಮಯಪಾಲನೆ. ಶಿಸ್ತಿನ ಶಾಲೆಯಲ್ಲಿ ಓದಿದವರಿಗೆ ತಡವಾಗಿ ಬಂದ ಮಗು ಕಂಡರೆ ಸಿಟ್ಟು ಬರುವುದು ಸಹಜ. ಇಲ್ಲಿ ತೋಟದೊಳಗೆ ಆನೆ ನಿಂತಿದ್ದರೆ ಲೈನಿನ ಮಕ್ಕಳು ಹೊರಡುವುದೇ ಇಲ್ಲ, ಹೊರಡಲೂಬಾರದು. ಜೀಪು ಒಂದೇ ಇದ್ದು ಅದು ಎರಡು ಟ್ರಿಪ್ ಹೊಡೆಯುವ ಕಡೆ ಎರಡನೇ ಟ್ರಿಪ್‌ನವರು ದಿನಾ ತಡ. ಮೊದಲ ಎರಡು ವಾರ ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ತೋಟದಿಂದ ಅಂತ ಬರೆದಿಡಿ, ಶಿಕ್ಷೆ ಬೇಡ. ಒಂದೇ ತೋಟದ ನಾಲ್ವರು ಒಟ್ಟಿಗೆ ತಡವಾದರೆ ಕಾರಣ ದಾರಿಯದು. ಒಬ್ಬನೇ ದಿನಾ ತಡವಾದರೆ ಮನೆಯಲ್ಲಿ ಬೆಳಿಗ್ಗೆ ಯಾರಿದ್ದಾರೆ ಅಂತ ವಿಚಾರಿಸಿ. ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುವ ಹುಡುಗಿಯರು ಬಹಳ. ಪಾಠದ ಕಡೆಯಿಂದ ಇದಕ್ಕೆ ಮದ್ದು ಸುಲಭ: ಮೊದಲ ಹತ್ತು ನಿಮಿಷ ತಾವಾಗಿ ಮಾಡುವ ಕೆಲಸ ಬೋರ್ಡಿನ ಮೇಲಿರಲಿ, ನಿನ್ನೆಯ ಪಾಠದ ಮೂರು ಪ್ರಶ್ನೆ, ಒಂದು ನಕ್ಷೆ. ಹೊಸ ವಿಷಯ ಹನ್ನೊಂದನೇ ನಿಮಿಷಕ್ಕೆ. ತಡವಾದ ಮಗು ಮುಖ್ಯವಾದದ್ದನ್ನು ಕಳೆದುಕೊಳ್ಳುವುದಿಲ್ಲ, ಬೇಗ ಬಂದವರೂ ಸುಮ್ಮನೆ ಕೂರುವುದಿಲ್ಲ. ಸಮಯಕ್ಕೆ ಬೆಲೆ ಕೊಡುವ ಮೌಲ್ಯ ಇಲ್ಲಿ ಬಿಟ್ಟುಹೋಗಿಲ್ಲ, ಶಿಕ್ಷಕಿಯ ತಯಾರಿಯೊಳಗೆ ಬಂದಿದೆ.

ನಿಮ್ಮ 16 ವಾರ ಕಾಫಿ ಕೊಯ್ಲಿನ ಜೊತೆ ಬೀಳುತ್ತದೆಯೇ ನೋಡಿಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರ್‌ನಲ್ಲಿ ಶುರು. ಸಿದ್ದಾಪುರ ಸುತ್ತ ಹೆಚ್ಚಾಗಿ ರೋಬಸ್ಟಾ, ಅದರ ಭರ ಜನವರಿಯಿಂದ ಮಾರ್ಚ್. ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವಾಗ ದೊಡ್ಡ ಮಕ್ಕಳು ಶನಿವಾರ ಮಾತ್ರವಲ್ಲ, ನಡುವಾರವೂ ಕಾಣೆಯಾಗುತ್ತಾರೆ. ಎಫ್‌ಎ-3, ಎಫ್‌ಎ-4ರ (ರೂಪಣಾತ್ಮಕ ಮೌಲ್ಯಮಾಪನದ) ಚಟುವಟಿಕೆಗಳು ಇದೇ ಹೊತ್ತಿನಲ್ಲಿ ಬರುತ್ತವೆ. ಹಾಗಾಗಿ ಗುರಿಯ ಅಳತೆಯ ವಾರಗಳನ್ನು ಕೊಯ್ಲಿನ ಭರಕ್ಕೆ ಇಡಬೇಡಿ, ಪಾಠವನ್ನು ಎರಡು ದಿನದ ತುಂಡುಗಳಾಗಿ ಕತ್ತರಿಸಿ. ನಾಲ್ಕು ದಿನ ಬಿಟ್ಟು ಬಂದ ಮಗು ಯಾವ ತುಂಡಿನಿಂದ ಹಿಡಿಯಬೇಕು ಅನ್ನುವುದು ಗೋಡೆಯ ಮೇಲೆ ಬರೆದಿರಲಿ. ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಮಗು ಎಲ್ಲಿಗೆ ಬಂದಿದೆ ಅಂತ ತೋರಿಸುವ ‘ಪ್ರಗತಿ ನೋಟ’ದ ತತ್ವ ಇದೇ, 6ನೇ ತರಗತಿಗೂ ನಡೆಯುತ್ತದೆ.

ಇನ್ನೊಂದು, ಬೇರೆ ತೋಟದಿಂದ ನಡುವರ್ಷ ಬಂದ ಮಗುವಿಗೆ ಟಿಸಿ ಇಲ್ಲ ಅಂತ ದಾಖಲಾತಿ ತಡೆಯುವಂತಿಲ್ಲ. ಕಾಯ್ದೆಯ ಸೆಕ್ಷನ್ 5 ಸ್ಪಷ್ಟವಾಗಿದೆ. ‘ಎಲ್ಲ ಮಕ್ಕಳಿಗೂ ಸಮಾನ ಅವಕಾಶ’ ಅಂತ ಫೈಲ್‌ನಲ್ಲಿ ಬರೆಯುವವರಿಗೆ ಇಷ್ಟು ಗೊತ್ತಿರಲೇಬೇಕು.

ಮಳೆಗಾಲದ_ಶಾಲೆ

ನೋವಿನ ಅನುಭವದ ಬಗ್ಗೆ ಕೇಳಿದ್ದೀರಿ. ಆ ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ಫೈಲ್ ಅನ್ನು ಉಪನ್ಯಾಸಕರು ಓದುತ್ತಾರೆ, ಪರೀಕ್ಷಕರು ಓದುತ್ತಾರೆ, ಮುಂದಿನ ವರ್ಷದವರೂ ತಿರುವಿ ಹಾಕುತ್ತಾರೆ. ಮನೆಯವರ ವಿಷಯ, ಇನ್ನೊಬ್ಬರ ಸಾವುನೋವು, ಹೊಡೆದ ಶಿಕ್ಷಕರ ಗುರುತು ಅದರಲ್ಲಿ ಇರಬಾರದು. ಶಾಲೆಯ ಹೆಸರು, ಊರು, ವರ್ಷ ಮೂರೂ ಒಟ್ಟಿಗೆ ಬಂದರೆ ಹೆಸರು ಬರೆಯದಿದ್ದರೂ ಗುರುತು ಸಿಗುತ್ತದೆ. ಒಂದನ್ನಾದರೂ ಬಿಡಿ. ಬರೆಯುವಾಗ ನಿದ್ದೆ ಕೆಡುವಂತಿದ್ದರೆ ಆ ಅನುಭವ ಫೈಲ್‌ಗೆ ಇನ್ನೂ ಸಿದ್ಧವಾಗಿಲ್ಲ ಅಂತ ತಿಳಿಯಿರಿ. ನೋವು ತೋಡಿಕೊಂಡರೆ ಮಾತ್ರ ಪ್ರಾಮಾಣಿಕತೆ ಅಂತ ಯಾವ ಪಠ್ಯಕ್ರಮದಲ್ಲೂ ಇಲ್ಲ. ಬೇರೆ ಎರಡು ಅನುಭವ ಆರಿಸಿಕೊಳ್ಳಲು ನಿಮಗೆ ಪೂರ್ತಿ ಹಕ್ಕಿದೆ.

2018ನ್ನು ಬರೆಯುವುದಾದರೆ ಒಂದು ಮಾತು. ಆ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಮಕ್ಕಂದೂರು, ಮಾದಾಪುರ, ಮದೆನಾಡು ಕಡೆ. ಸಿದ್ದಾಪುರ ಭಾಗದವರ ಮನಸ್ಸಿನಲ್ಲಿ 2019 ದೊಡ್ಡದು: ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ಕಾವೇರಿ ನುಗ್ಗಿತ್ತು. ಈಗ ಹಿರಿಯ ಪ್ರಾಥಮಿಕದಲ್ಲಿರುವ ಮಕ್ಕಳು ಆಗ ಅಂಗನವಾಡಿಯ, ಒಂದನೇ ತರಗತಿಯ ವಯಸ್ಸಿನವರು. ನಿಮ್ಮ ಭಯ ಬೆಟ್ಟದ್ದು, ಅವರದ್ದು ಹೊಳೆಯದ್ದು. ಕೆಲವರಿಗೆ ಭಯವೇ ಇಲ್ಲ, ಆ ಮಳೆಯ ನೆನಪೂ ಇಲ್ಲ. ‘ಮಳೆ ಬಂದರೆ ನಿಮಗೆ ಭಯವಾಗುತ್ತದೆಯೇ’ ಅಂತ ಇಡೀ ತರಗತಿಗೆ ಕೇಳುವುದು, ‘ನೀವು ಕಂಡ ಪ್ರವಾಹ’ ಅಂತ ಪ್ರಬಂಧ ಬರೆಸುವುದು ಬೇಡ. ನೆನೆಯಲು ಇಷ್ಟವಿಲ್ಲದ ಮಗುವಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಸಮಾಜ ವಿಜ್ಞಾನದ ಪಾಠದಲ್ಲಿ ಕಾವೇರಿಯ ಹರಿವು, ಇಳಿಜಾರಿನ ಮಣ್ಣಿಗೆ ನೀರು ಇಳಿದಾಗ ಏನಾಗುತ್ತದೆ, ಶಾಲೆಯಿಂದ ಹತ್ತಿರದ ಎತ್ತರದ ಜಾಗ ಯಾವುದು ಅಂತ ಕಲಿಸಿ. ಹೇಳಬೇಕೆನಿಸಿದ ಮಗು ತಾನಾಗಿ ಹೇಳುತ್ತದೆ. ಹೇಳಿದಾಗ ಕೇಳಿಸಿಕೊಳ್ಳಿ, ‘ಅಳಬೇಡ, ಧೈರ್ಯವಾಗಿರು’ ಅಂತ ಮುಚ್ಚಿಬಿಡಬೇಡಿ, ನಿಮ್ಮ ಕತೆಯನ್ನು ಅದರ ಮೇಲೆ ಹೇರಲೂಬೇಡಿ.

ಇಂಥ ಮಾತಿನ ನಡುವೆ ಮಗು ದೌರ್ಜನ್ಯದ ವಿಷಯ ಹೇಳಿದರೆ ಅದು ನಿಮ್ಮ ರಿಫ್ಲೆಕ್ಷನ್ ಡೈರಿಗೆ ಹೋಗುವ ವಿಷಯ ಅಲ್ಲವೇ ಅಲ್ಲ. ‘ಯಾರಿಗೂ ಹೇಳುವುದಿಲ್ಲ’ ಅಂತ ಮಾತು ಕೊಡಬೇಡಿ. ಅವತ್ತೇ ಮುಖ್ಯ ಶಿಕ್ಷಕರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆ 2012ರ ಸೆಕ್ಷನ್ 19ರಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ, ಅದು ಇಂಟರ್ನ್‌ಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098. ನೀವೇ ತನಿಖೆ ಮಾಡುವಂತೆ ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ, ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ.

ಕಾಫಿಹೂ

ಗುರಿಯ ಬಗ್ಗೆ ಒಂದು ವ್ಯಾವಹಾರಿಕ ಸೂಚನೆ. ಭಾಷೆಯ ಅನುಭವ ಇರುವವರು ‘ಒಂದನೇ ತರಗತಿಯ ಮಕ್ಕಳಿಗೆ ಮನೆಮಾತಿನಿಂದ ಕನ್ನಡಕ್ಕೆ ಸೇತುವೆ ಕಟ್ಟುತ್ತೇನೆ’ ಅಂತ ಬರೆಯುವುದುಂಟು. ಗುರಿ ಚೆನ್ನಾಗಿದೆ, ಆದರೆ 1ರಿಂದ 5ನೇ ತರಗತಿಗೆ ಬೇಕಾದ ಅರ್ಹತೆ ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ). ಬಿ.ಇಡಿ ಮಾತ್ರ ಇದ್ದವರು ಆ ಹುದ್ದೆಗೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ನಿಮಗೆ ಹೊಂದುವುದು 6ರಿಂದ 8, ಅಂದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪತ್ರಿಕೆ 2. 150 ಅಂಕ: ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರ 30, ಎರಡು ಭಾಷೆಗೆ ತಲಾ 30, ಸಮಾಜ ವಿಜ್ಞಾನ 60. ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಪ್ರಮಾಣಪತ್ರಕ್ಕೆ ಈಗ ಜೀವನಪರ್ಯಂತ ಮಾನ್ಯತೆ ಇದೆ. ಐದು ವರ್ಷದ ಗುರಿ ಬರೆಯುವಾಗ ಇದನ್ನು ಹಿಡಿದು ಬರೆಯಿರಿ. ನಿಜಕ್ಕೂ ಚಿಕ್ಕ ಮಕ್ಕಳೇ ಬೇಕು ಅಂದರೆ ಡಿ.ಎಲ್.ಇಡಿಯ ಎರಡು ವರ್ಷವನ್ನೂ ಲೆಕ್ಕಕ್ಕೆ ಸೇರಿಸಿ.

ಹೊಸಟೀಚರ್_ಕೊಡಗು

ಎಲ್ಲರಿಗೂ ತುಂಬಾ ಧನ್ಯವಾದ. ಕಾಲಂ ಹಾಕಿ ಒಂದು ಪ್ಯಾರಾ ಬರೆದಿದ್ದೇನೆ. ತಿದ್ದಿಕೊಡಿ:

‘ನಾನು ಓದಿದ ಶಾಲೆಯಲ್ಲಿ ಪ್ರಾರ್ಥನೆಯ ನಂತರ ಬಂದವರು ಮೊದಲ ಪೀರಿಯಡ್ ಮುಗಿಯುವವರೆಗೆ ಜಗಲಿಯಲ್ಲಿ ನಿಲ್ಲುತ್ತಿದ್ದರು. ಇದರಿಂದ ನಾನು ಸಮಯದ ಮಹತ್ವ ಕಲಿತೆ. ಆದರೆ ದೂರದಿಂದ ಬರುವವರಿಗೆ ಇದು ಅನ್ಯಾಯವಾಗಿತ್ತು. ಆದ್ದರಿಂದ ನಾನು ಶಿಸ್ತು ಮತ್ತು ಸಹಾನುಭೂತಿ ಎರಡನ್ನೂ ಸಮತೋಲನದಲ್ಲಿ ಪಾಲಿಸುತ್ತೇನೆ. ನನ್ನ ಗುರಿ ಎಲ್ಲ ಮಕ್ಕಳೂ ಸಮಯಕ್ಕೆ ಬರುವಂತೆ ಮಾಡುವುದು.’

ಕಲಿಕಾ_ಏಣಿ

ಮೊದಲ ವಾಕ್ಯ ಚೆನ್ನಾಗಿದೆ ಮೇಡಂ, ಮುಟ್ಟಬೇಡಿ. ಕಂಡದ್ದಷ್ಟೇ ಇದೆ.

ಎರಡನೆಯದರಲ್ಲಿ ಆತುರ ಇದೆ. ಸಮಯದ ಮಹತ್ವ ಕಲಿತದ್ದು ಜಗಲಿಯಲ್ಲಿ ನಿಂತೇ, ಒಳಗೆ ಕೂತು ಹೊರಗಿನವರನ್ನು ನೋಡಿಯೇ? ಎರಡೂ ಬೇರೆ ಬೇರೆ ಪಾಠ. ಒಳಗೆ ಕೂತವರು ಕಲಿತದ್ದು ಬಹುಶಃ ‘ನಾನು ಹೊರಗಿನವರಲ್ಲಿ ಒಬ್ಬಳಲ್ಲ’ ಅನ್ನುವ ನಿರಾಳ. ಅದನ್ನು ಸಮಯಪಾಲನೆ ಅಂತ ಕರೆದರೆ ಮೌಲ್ಯದ ಬುಡ ತಪ್ಪುತ್ತದೆ. ಮೂರನೆಯ ವಾಕ್ಯಕ್ಕೆ ಹೊರಗಿದ್ದವರು ಏನು ಕಳೆದುಕೊಂಡರು ಅಂತ ಸೇರಿಸಿ: ಮೊದಲ ಪೀರಿಯಡ್ ಗಣಿತವಾಗಿದ್ದರೆ ವಾರಕ್ಕೆ ಎರಡು ಸಲ ತಡವಾದ ಮಗು ತಿಂಗಳಿಗೆ ಎಂಟು ಗಣಿತ ಪಾಠ ಕಳೆದುಕೊಂಡಿರುತ್ತದೆ. ಅನ್ಯಾಯ ಅನ್ನುವ ಪದಕ್ಕೆ ತೂಕ ಬರುವುದು ಈ ಲೆಕ್ಕದಿಂದ.

‘ಸಮತೋಲನ’ ತೆಗೆದುಹಾಕಿ. ಆ ಪದ ಬಂದಲ್ಲೆಲ್ಲ ತೀರ್ಮಾನ ಮುಂದೂಡಿದೆ ಅಂತಲೇ ಅರ್ಥ. ಮಗು ಒಂಬತ್ತೂ ಐವತ್ತಕ್ಕೆ ಬಾಗಿಲಲ್ಲಿ ನಿಂತಿದೆ, ನೀವು ಒಳಗೆ ಕರೆಯುತ್ತೀರೋ ಇಲ್ಲವೋ? ಕರೆಯುತ್ತೀರಿ. ಹಾಗೆ ಬರೆಯಿರಿ. ಕೊನೆಯ ವಾಕ್ಯದ ಗುರಿ ನಿಮ್ಮ ಕೈಯಲ್ಲಿಲ್ಲ. ಆನೆಯೂ ಜೀಪೂ ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ಕೈಯಲ್ಲಿರುವುದನ್ನು ಗುರಿ ಮಾಡಿ. ಹೀಗೆ ಇರಬಹುದು:

‘ತಡವಾಗಿ ಬಂದ ಮಗು ನೇರ ಒಳಗೆ ಬಂದು, ಬೋರ್ಡಿನ ಮೇಲಿನ ಕೆಲಸ ತೆಗೆದುಕೊಂಡು ಕೂರಬಹುದು ಅನ್ನುವ ಪದ್ಧತಿಯನ್ನು ಮೊದಲ ಎರಡು ವಾರದಲ್ಲಿ ರೂಢಿಸುತ್ತೇನೆ. ಹೊಸ ಪಾಠ ಹನ್ನೊಂದನೇ ನಿಮಿಷಕ್ಕೆ ಆರಂಭಿಸುತ್ತೇನೆ. ಪಾಠದ ಕೊನೆಗೆ ಕೇಳುವ ಮೂರು ಪ್ರಶ್ನೆಗೆ ತಡವಾಗಿ ಬಂದವರ ಮತ್ತು ಸಮಯಕ್ಕೆ ಬಂದವರ ಉತ್ತರಗಳನ್ನು ವಾರಕ್ಕೊಮ್ಮೆ ಹೋಲಿಸಿ ನೋಡುತ್ತೇನೆ.’

ಇದಕ್ಕೆ ಮುಂಚೆ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಶಾಲೆಯ ನಿಯಮ ಬೇರೆ ಇದ್ದು ಇಂಟರ್ನ್ ಒಬ್ಬರ ಪೀರಿಯಡ್‌ನಲ್ಲಿ ಮಾತ್ರ ಹೀಗೆ ನಡೆದರೆ ಮಕ್ಕಳು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ದಿನವೇ ಕೇಳಿ, ಹಾಳೆ ತೋರಿಸಿ. ಒಪ್ಪದಿದ್ದರೆ ನಿಮ್ಮ ಪೀರಿಯಡ್ ಮೊದಲನೆಯದಲ್ಲದ ದಿನಗಳಲ್ಲಿ ಬಿಟ್ಟುಹೋದ ಪಾಠವನ್ನು ಹಿಡಿಸಿಕೊಡುವ ಹತ್ತು ನಿಮಿಷ ಕೇಳಿಕೊಳ್ಳಿ, ಅದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಸಿದ್ದಾಪುರ_ರಸ್ತೆ

ಇನ್ನೊಂದು ಸೇರಿಸುತ್ತೇನೆ. ಡೈರಿ ಬರೆಯುವಾಗ ದಿನಕ್ಕೆ ನಾಲ್ಕೇ ಸಾಲು: ಇವತ್ತು ಏನಾಯಿತು, ನಾನು ಏನು ಮಾಡಿದೆ, ಅದು ನನ್ನ ಯಾವ ಹಳೆಯ ಅನುಭವದಿಂದ ಬಂತು, ನಾಳೆ ಏನು ಬದಲಿಸುತ್ತೇನೆ. ಮೂರನೇ ಸಾಲು ಖಾಲಿ ಉಳಿದರೂ ಪರವಾಗಿಲ್ಲ, ಬಲವಂತಕ್ಕೆ ತುಂಬಬೇಡಿ. ಮಕ್ಕಳ ಹೆಸರಿಗೆ ಬದಲು ನಿಮಗೆ ಮಾತ್ರ ತಿಳಿಯುವ ಅಕ್ಷರ ಹಾಕಿ. ಎಂಟನೇ ವಾರಕ್ಕೆ ಇಡೀ ಡೈರಿ ಓದಿ, ಫೈಲ್‌ನಲ್ಲಿ ಬರೆದ ಮೌಲ್ಯಗಳ ಪಕ್ಕಕ್ಕೆ ಇಟ್ಟು ನೋಡಿ. ಒಂದಾದರೂ ಬದಲಾಗಿರುತ್ತದೆ. ಬದಲಾದದ್ದನ್ನು ಹೊಡೆದುಹಾಕದೆ, ದಿನಾಂಕ ಹಾಕಿ ಕೆಳಗೆ ಹೊಸದನ್ನು ಬರೆಯಿರಿ. ವೈವಾದಲ್ಲಿ ಪರೀಕ್ಷಕರು ಹೆಚ್ಚಾಗಿ ಬೆರಳಿಟ್ಟು ಕೇಳುವುದು ಆ ತಿದ್ದುಪಡಿಯ ಬಗ್ಗೆಯೇ.